ಹಳೆಯ ಪುಸ್ತಕದಂಗಡಿಯಲ್ಲಿ ರೋಮ್

ನಮ್ಮ ಮನೆಯಲ್ಲಿ ಹನ್ನೊಂದು ವರ್ಷಗಳ ಕಾಲ ಕಾನ್‌ಸ್ಟಾಂಟಿನೋಪಲ್ ನಗರ ಬೀಳಲೇ ಇಲ್ಲ. ಹೊರಗಿನ ಜಗತ್ತಿನಲ್ಲಿ ಅದು 1453ರ ಮೇ 29ರಂದೇ ತುರ್ಕರ ಕೈಸೇರಿತೆಂಬುದು ಶಾಲೆಯ ಮಕ್ಕಳಿಗೂ ಗೊತ್ತಿರುವ ಸಂಗತಿ. ಆದರೆ ನನ್ನ ತಂದೆಯವರು ಬಿಟ್ಟುಹೋದ ಗಿಬ್ಬನ್ನನ ‘ರೋಮನ್ ಸಾಮ್ರಾಜ್ಯದ ಅವನತಿ ಮತ್ತು ಪತನ’ದ ಆರು ಸಂಪುಟಗಳಲ್ಲಿ ಐದು ಮಾತ್ರ ಕಪಾಟಿನಲ್ಲಿದ್ದುವು. ಆರನೆಯದನ್ನು ಯಾರೋ ಓದಲು ಒಯ್ದಿದ್ದರು, ತಂದುಕೊಡಲಿಲ್ಲ. ಯಾರೆಂದು ಕೇಳಿದರೆ ತಂದೆಯವರು, “ಓದುತ್ತಿರಬಹುದು, ದೊಡ್ಡ ಪುಸ್ತಕವಪ್ಪ” ಎಂದು ನಕ್ಕುಬಿಡುತ್ತಿದ್ದರು. ಅವರು ತೀರಿಕೊಂಡ ಮೇಲೆ ಕೇಳುವುದಕ್ಕೂ ದಾರಿಯಿಲ್ಲದಾಯಿತು.

ಅವರಿಗೊಂದು ಅಭ್ಯಾಸವಿತ್ತು. ಸಂಪುಟ ಓದಿ ಮುಗಿದ ದಿನ ಕೊನೆಯ ಪುಟದ ಕೆಳಗೆ ಸೀಸದಕಡ್ಡಿಯಿಂದ ತಾರೀಖು ಬರೆಯುತ್ತಿದ್ದರು. ಐದು ಸಂಪುಟಗಳಲ್ಲಿ ಐದು ತಾರೀಖುಗಳಿವೆ. ಆರನೆಯದರಲ್ಲಿ ಇತ್ತೋ ಇಲ್ಲವೋ, ಅಂದರೆ ಅವರು ಗಿಬ್ಬನ್ನನನ್ನು ಓದಿ ಮುಗಿಸಿದರೋ ಇಲ್ಲವೋ ಎಂಬುದು ನನಗೆ ತಿಳಿಯದು. ಆ ಸಂಪುಟವನ್ನು ಹುಡುಕಹೊರಟವನು ನಾನು ಹಳೆಯ ಪುಸ್ತಕದ ಹುಚ್ಚಿಗೆ ಬಿದ್ದೆ. ಬಿದ್ದವನು ಬರಿಗೈಯಲ್ಲಿ ಬರಲಿಲ್ಲ ಎಂಬುದಕ್ಕೆ ನಮ್ಮ ಮನೆಯ ಕಪಾಟುಗಳೂ, ಕಪಾಟಿನಲ್ಲಿ ಜಾಗ ಸಾಲದೆ ಅಕ್ಕಿಯ ಡಬ್ಬಿಯ ಪಕ್ಕಕ್ಕೆ ಸರಿದಿರುವ ಇಬ್ಬರು ಸೀಸರರೂ ಸಾಕ್ಷಿ.

ವಾಚಕರೇ, ಈ ಹುಚ್ಚು ಹೊಸತೆಂದು ನೀವು ಭಾವಿಸಬೇಡಿ. ರೋಮನರಿಗೇ ಇದು ಹಿಡಿದಿತ್ತು. ಎರಡನೆಯ ಶತಮಾನದಲ್ಲಿ ಔಲಸ್ ಗೆಲಿಯಸ್ ಎಂಬ ವಿದ್ವಾಂಸನೊಬ್ಬನಿದ್ದ. ಗ್ರೀಸಿನಿಂದ ಇಟಲಿಗೆ ಹಿಂದಿರುಗಿ ಬ್ರುಂಡಿಸಿಯಮ್ ಬಂದರಿನಲ್ಲಿ ಹಡಗಿನಿಂದಿಳಿದ. ಸಮುದ್ರಯಾನದ ಆಯಾಸ ಕಳೆಯಲೆಂದು ಅಡ್ಡಾಡುತ್ತಿದ್ದಾಗ ಗ್ರೀಕ್ ಪುಸ್ತಕಗಳ ಕಟ್ಟುಗಳು ಮಾರಾಟಕ್ಕಿರುವುದು ಕಣ್ಣಿಗೆ ಬಿತ್ತು. ಎಲ್ಲವೂ ಹಳತು, ಧೂಳು ಹಿಡಿದು ಕೊಳಕಾದವು. ಬೆಲೆ ಕೇಳಿದರೆ ನಂಬಲಾಗದಷ್ಟು ಅಗ್ಗ. ಹೊತ್ತುಕೊಂಡು ಹೋಗಿ ಎರಡು ರಾತ್ರಿಗಳಲ್ಲಿ ಎಲ್ಲವನ್ನೂ ಓದಿ ಮುಗಿಸಿದ. ಅವುಗಳಲ್ಲಿ ನಮ್ಮ ಭಾರತದ ಸುದ್ದಿಯೂ ಇತ್ತು: ನಾಯಿಯ ತಲೆಯ ಮನುಷ್ಯರು, ಏನನ್ನೂ ತಿನ್ನದೆ ಹೂವಿನ ಪರಿಮಳವನ್ನೇ ಉಸಿರಾಡಿ ಬದುಕುವ ಜನ, ಇತ್ಯಾದಿ. ಓದಿ ಮುಗಿದ ಮೇಲೆ, ಇಂಥ ಪ್ರಯೋಜನವಿಲ್ಲದ ಬರಹಕ್ಕೆ ಸಮಯ ಕಳೆದೆನಲ್ಲಾ ಎಂದು ಗೆಲಿಯಸ್ಸನಿಗೇ ಬೇಸರವಾಯಿತಂತೆ. ಅಗ್ಗಕ್ಕೆ ಕೊಂಡು ಆಮೇಲೆ ಪೇಚಾಡುವುದು ಎಷ್ಟು ಹಳೆಯ ಸಂಪ್ರದಾಯ ನೋಡಿ! ಗೆಲಿಯಸ್ ಈ ಸಂಗತಿಗಳನ್ನು ಪ್ಲಿನಿಯ ಗ್ರಂಥದಿಂದಲೇ ಎತ್ತಿಕೊಂಡು, ಬಂದರಿನ ಕಥೆಯನ್ನು ಒಗ್ಗರಣೆಯಾಗಿ ಸೇರಿಸಿದನೆಂದು ಸಂಶಯಪಡುವ ಪಂಡಿತರೂ ಇದ್ದಾರೆ. ನಾನು ಆ ಪಂಡಿತರ ಮಾತನ್ನು ಒಪ್ಪಬಲ್ಲೆ. ಆದರೆ ಒಪ್ಪಲು ಮನಸ್ಸಿಲ್ಲ.

ರೋಮ್ ನಗರದಲ್ಲಿ ಪುಸ್ತಕದಂಗಡಿಗಳ ಬೀದಿಗಳೇ ಇದ್ದುವು. ಕವಿ ಮಾರ್ಷಲ್ ತನ್ನ ಪುಸ್ತಕ ಯಾವ ಬೀದಿಯ ಯಾವ ಅಂಗಡಿಯಲ್ಲಿ ಐದು ದಿನಾರಿಗೆ ಸಿಕ್ಕುವುದೆಂದು ಪದ್ಯದಲ್ಲಿಯೇ ತಿಳಿಸಿದ್ದಾನೆ. ವೈದ್ಯ ಗೇಲನ್ ಹೇಳುವ ಪ್ರಸಂಗ ಇನ್ನೂ ಸ್ವಾರಸ್ಯವಾದುದು. ಅಂಗಡಿಯೊಂದರಲ್ಲಿ ಅವನ ಹೆಸರು ಹೊತ್ತ ಪುಸ್ತಕವೊಂದನ್ನು ಹಿಡಿದು, ಇದು ಗೇಲನ್ನನದೇ ಅಲ್ಲವೇ ಎಂದು ಇಬ್ಬರು ವಾದಿಸುತ್ತಿದ್ದರು. ಅಲ್ಲಿದ್ದ ಓದುಬಲ್ಲವನೊಬ್ಬ ಮೊದಲ ಎರಡು ಸಾಲು ನೋಡಿ, ಇದು ಗೇಲನ್ನನ ಭಾಷೆಯಲ್ಲವೆಂದು ಹೆಸರಿನ ಚೀಟಿಯನ್ನು ಕಿತ್ತೆಸೆದ. ಗೇಲನ್ ಪಕ್ಕದಲ್ಲಿಯೇ ನಿಂತಿದ್ದ. ಈ ಅನುಭವದ ಮೇಲೆಯೇ ಅವನು ತಾನು ನಿಜವಾಗಿ ಬರೆದ ಪುಸ್ತಕಗಳ ಪಟ್ಟಿಯನ್ನು ಬರೆದಿಟ್ಟದ್ದು.

ಇದೇ ಗೇಲನ್ನನ ಪುಸ್ತಕಗಳಿಗೆ ಒದಗಿದ ಗತಿ ಕೇಳಿ. ಕ್ರಿ. ಶ. 192ರಲ್ಲಿ ರೋಮಿನಲ್ಲಿ ದೊಡ್ಡ ಬೆಂಕಿ ಬಿತ್ತು. ಬೆಲೆಬಾಳುವ ಪುಸ್ತಕಗಳು, ಔಷಧಿಗಳು, ಶಸ್ತ್ರವೈದ್ಯದ ಉಪಕರಣಗಳು ಎಲ್ಲವನ್ನೂ ಅವನು ಒಂದು ಉಗ್ರಾಣದಲ್ಲಿ ಭದ್ರವಾಗಿರಲೆಂದು ಇಟ್ಟಿದ್ದ. ಭದ್ರವಾಗಿದ್ದುದೇ ಸುಟ್ಟುಹೋಯಿತು. ಇಷ್ಟು ಕಳೆದುಕೊಂಡೂ ನೀನು ದುಃಖಪಡಲಿಲ್ಲವಂತೆ, ಹೇಗೆ, ಎಂದು ಗೆಳೆಯನೊಬ್ಬ ಕೇಳಿದ್ದಕ್ಕೆ ಗೇಲನ್ ದೀರ್ಘವಾದ ಉತ್ತರವೊಂದನ್ನು ಬರೆದ. ಆ ಉತ್ತರವೂ ಕಳೆದುಹೋಗಿತ್ತು! 2005ರಲ್ಲಿ ಥೆಸಲೋನಿಕಿಯ ಮಠವೊಂದರ ಹಸ್ತಪ್ರತಿಯಲ್ಲಿ ಅದು ಸಿಕ್ಕಿತು. ಪುಸ್ತಕಗಳ ನಷ್ಟಕ್ಕೆ ಹೇಳಿಕೊಂಡ ಸಮಾಧಾನ ಸಾವಿರದೆಂಟುನೂರು ವರ್ಷಗಳ ತರುವಾಯ ನಮ್ಮ ಕೈಸೇರಿತು. ಮದರಾಸಿನ ಮೂರ್ ಮಾರ್ಕೆಟ್ 1985ರಲ್ಲಿ ಬೆಂಕಿಗೆ ತುತ್ತಾದಾಗ ಮರುಗಿದವರಲ್ಲಿ ನಾನೂ ಒಬ್ಬ. ಅಲ್ಲಿ ನನ್ನ ಆರನೆಯ ಸಂಪುಟ ಇದ್ದಿರಬಹುದೆಂಬ ಯೋಚನೆ ಬಹಳ ದಿನ ಕಾಡಿತು. ಆಗ ಗೇಲನ್ನನ ಸಮಾಧಾನ ಇನ್ನೂ ಸಿಕ್ಕಿರಲಿಲ್ಲ.

ಈಗ ಅಂಗಡಿಯೊಳಕ್ಕೆ ಬನ್ನಿ. ಬೆಂಗಳೂರಿನ ಅವೆನ್ಯೂ ರಸ್ತೆಯೇ ಆಗಲಿ, ಕಲ್ಕತ್ತೆಯ ಕಾಲೇಜು ಬೀದಿಯೇ ಆಗಲಿ, ಪಠ್ಯಪುಸ್ತಕಗಳ ಗುಡ್ಡದ ಹಿಂದೆ ರೋಮ್ ಅಡಗಿರುತ್ತದೆ. ಗಿಬ್ಬನ್ ಸಿಕ್ಕುವುದು ಕಷ್ಟವಲ್ಲ. ಅವನ ಮೊದಲ ಸಂಪುಟ ಹೊರಬಂದುದು 1776ರಲ್ಲಿ, ಕೊನೆಯವು 1788ರಲ್ಲಿ. ಅಂದಿನಿಂದ ಇಂದಿನವರೆಗೂ ಅದು ಅಚ್ಚಾಗುತ್ತಲೇ ಇದೆ. ಆದರೆ ಯಾವ ಗಿಬ್ಬನ್ ಎಂಬುದನ್ನು ನೋಡಿ ಕೊಳ್ಳಬೇಕು. ಸಂಕ್ಷೇಪಗಳಲ್ಲಿ ಅಡಿಟಿಪ್ಪಣಿಗಳನ್ನು ಕೈಬಿಟ್ಟಿರುವುದುಂಟು. ಅಡಿಟಿಪ್ಪಣಿಯಿಲ್ಲದ ಗಿಬ್ಬನ್ ಉಪ್ಪಿಲ್ಲದ ಸಾರು. ಮೇಲೆ ಗಂಭೀರವಾಗಿ ನಡೆಯುವ ಮಹಾಶಯ ಕೆಳಗಿನ ಸಣ್ಣಕ್ಷರದಲ್ಲಿ ತುಂಟತನ ಮಾಡುತ್ತಾನೆ. ಹತ್ತೊಂಬತ್ತನೆಯ ಶತಮಾನದ ಕೆಲವು ಮುದ್ರಣಗಳಲ್ಲಿ ಮಿಲ್ಮನ್ ಎಂಬ ಪಾದ್ರಿಯ ಟಿಪ್ಪಣಿಗಳೂ ಸೇರಿವೆ. ಕ್ರೈಸ್ತಮತದ ಉದಯವನ್ನು ಕುರಿತ ಅಧ್ಯಾಯಗಳಿಗೆ ಬಂದರೆ ಮೇಲ್ಗಡೆ ಗಿಬ್ಬನ್ ಚುಚ್ಚುತ್ತಾನೆ, ಕೆಳಗಡೆ ಪಾದ್ರಿ ಗದರಿಸುತ್ತಾನೆ. ಒಂದೇ ಪುಟದಲ್ಲಿ ಎರಡು ಪುಸ್ತಕ ಓದಿದಂತಾಗುತ್ತದೆ. ವಿದ್ವತ್ತಿಗೆ ಬ್ಯೂರಿ 1896ರಿಂದ 1900ರವರೆಗೆ ಪರಿಷ್ಕರಿಸಿ ಹೊರತಂದ ಏಳು ಸಂಪುಟಗಳು ಬಹುಕಾಲ ಪ್ರಮಾಣವಾಗಿದ್ದುವು. ನನ್ನ ತಂದೆಯವರದು 1910ರಿಂದ ಪ್ರಚಾರಕ್ಕೆ ಬಂದ ಎವ್ವೆರಿಮನ್ ಗ್ರಂಥಮಾಲೆಯ ಆರು ಪುಟ್ಟ ಸಂಪುಟಗಳ ಆವೃತ್ತಿ. ಜುಬ್ಬದ ಜೇಬಿಗೆ ಹಿಡಿಯುವಂಥದು.

ಗಿಬ್ಬನ್ ಹೇಳಿದ್ದೆಲ್ಲ ಇಂದು ನಿಲ್ಲುವುದಿಲ್ಲ. ಪೂರ್ವದ ರೋಮನ್ ಸಾಮ್ರಾಜ್ಯದ ಸಾವಿರ ವರ್ಷಗಳನ್ನು ಅವನು ಒಂದೇ ಸಮನೆ ಇಳಿಜಾರೆಂದು ಕಂಡ. ಪೀಟರ್ ಬ್ರೌನ್ 1971ರಲ್ಲಿ ಪ್ರಕಟಿಸಿದ ಪುಸ್ತಕದಿಂದೀಚೆಗೆ ಆ ಕಾಲವನ್ನು ಪತನವೆನ್ನುವುದಕ್ಕಿಂತ ರೂಪಾಂತರವೆಂದು ನೋಡುವುದು ರೂಢಿಯಾಗಿದೆ. ಹಾಗೆಂದು ಗಿಬ್ಬನ್ ರದ್ದಿಗೆ ಹೋಗಬೇಕಾದವನಲ್ಲ. ಹಳೆಯ ಇತಿಹಾಸಗ್ರಂಥದಲ್ಲಿ ಎರಡು ಇತಿಹಾಸಗಳಿರುತ್ತವೆ: ಒಂದು ಅದು ಹೇಳುವ ಕಾಲದ್ದು, ಇನ್ನೊಂದು ಅದು ಹುಟ್ಟಿದ ಕಾಲದ್ದು. ರೊನಾಲ್ಡ್ ಸೈಮ್ ಎಂಬವರ ‘ರೋಮನ್ ಕ್ರಾಂತಿ’ ಕೈಗೆ ಸಿಕ್ಕಿದರೆ ಹಿಂದಿನ ಪುಟದಲ್ಲಿ ವರ್ಷ ನೋಡಿ: 1939. ಯುದ್ಧ ಆರಂಭವಾದ ಮೊದಲ ವಾರದಲ್ಲಿಯೇ ಅದು ಹೊರಬಂತು. ಅದಕ್ಕೆ ಎರಡೇ ವರ್ಷ ಹಿಂದೆ ಮುಸೊಲಿನಿ ರೋಮಿನಲ್ಲಿ ಆಗಸ್ಟಸ್ಸನ ಎರಡು ಸಾವಿರದ ಜನ್ಮೋತ್ಸವದ ಮಹಾ ಪ್ರದರ್ಶನವನ್ನು ತೆರೆದಿದ್ದ. ಸೈಮ್ ತೋರಿಸುವ ಆಗಸ್ಟಸ್ ಉದಾತ್ತ ಚಕ್ರವರ್ತಿಯಲ್ಲ, ತನ್ನ ಪಕ್ಷವನ್ನು ಕಟ್ಟಿಕೊಂಡು ಅಧಿಕಾರ ಹಿಡಿದ ತಣ್ಣನೆಯ ರಾಜಕಾರಣಿ. ಮುದ್ರಣದ ವರ್ಷ ತಿಳಿಯದೆ ಓದಿದರೆ ಅರ್ಧ ಪುಸ್ತಕ ಓದಿದಂತೆ.

ಹಳೆಯ ಪುಸ್ತಕದಂಗಡಿಯ ಮಹಿಮೆಯನ್ನು ಸಾರುವ ಕಥೆ ಒಂದಿದ್ದರೆ ಅದು ಮಾಮ್ಸನ್‌ನದು. ಥಿಯೊಡೋರ್ ಮಾಮ್ಸನ್ ಜರ್ಮನಿಯ ಮಹಾವಿದ್ವಾಂಸ. ಅವನ ರೋಮನ್ ಇತಿಹಾಸದ ಮೂರು ಸಂಪುಟಗಳು 1854ರಿಂದ 1856ರೊಳಗೆ ಬಂದುವು. ಜೂಲಿಯಸ್ ಸೀಸರನ ವಿಜಯದವರೆಗೆ ಕಥೆ ಬಂದು ನಿಂತಿತು. ಜನ ನಾಲ್ಕನೆಯದಕ್ಕಾಗಿ, ಚಕ್ರವರ್ತಿಗಳ ಕಾಲಕ್ಕಾಗಿ, ಕಾದರು. 1880ರಲ್ಲಿ ಅವನ ಮನೆಗೆ ಬೆಂಕಿ ಬಿದ್ದು ಗ್ರಂಥಗಳೂ ಬರಹಗಳೂ ಬೇರೆಡೆಗಳಿಂದ ಎರವಲು ತಂದ ಹಸ್ತಪ್ರತಿಗಳೂ ಬೂದಿಯಾದುವು. 1885ರಲ್ಲಿ ಒಂದು ಸಂಪುಟ ಬಂತು, ಆದರೆ ಅದು ಐದನೆಯದು, ಪ್ರಾಂತಗಳನ್ನು ಕುರಿತದ್ದು. ನಾಲ್ಕನೆಯದು ಬರಲೇ ಇಲ್ಲ. 1902ರಲ್ಲಿ, ಎಂಬತ್ತೈದರ ವಯಸ್ಸಿನಲ್ಲಿ, ಈ ಅಪೂರ್ಣ ಇತಿಹಾಸಕ್ಕಾಗಿಯೇ ನೊಬೆಲ್ ಸಾಹಿತ್ಯ ಪಾರಿತೋಷಕ ಬಂತು; ಮರುವರ್ಷ ಅವನು ತೀರಿಕೊಂಡ.

ಆದರೆ ಅವನು ಬರೆಯದಿದ್ದುದನ್ನು ಬರ್ಲಿನ್ ವಿಶ್ವವಿದ್ಯಾನಿಲಯದಲ್ಲಿ ಪಾಠ ಹೇಳಿದ್ದ. 1882ರಿಂದ 1886ರವರೆಗಿನ ಆ ಉಪನ್ಯಾಸಗಳನ್ನು ಕೇಳಲು ಹುಡುಗರ ನಡುವೆ ಐವತ್ತು ದಾಟಿದ ಗೃಹಸ್ಥನೊಬ್ಬ ಬಂದು ಕೂಡುತ್ತಿದ್ದ. ಅವನು ಸೆಬಾಸ್ಟಿಯನ್ ಹೆನ್ಸೆಲ್, ಸಂಗೀತ ರಚನಕಾರ್ತಿ ಫ್ಯಾನಿ ಮೆಂಡೆಲ್ಸನ್ ಅವರ ಮಗ. ಅವನೂ ಅವನ ಮಗ ಪೌಲನೂ ಟಿಪ್ಪಣಿ ಬರೆದುಕೊಂಡರು. 1980ರಲ್ಲಿ ಅಲೆಕ್ಸಾಂಡರ್ ಡೆಮಾಂಟ್ ಎಂಬ ಇತಿಹಾಸದ ಪ್ರಾಧ್ಯಾಪಕರಿಗೆ ನ್ಯೂರೆಂಬರ್ಗಿನ ಹಳೆಯ ಪುಸ್ತಕದಂಗಡಿಯೊಂದರಲ್ಲಿ ಆ ಟಿಪ್ಪಣಿಗಳು ಸಿಕ್ಕಿದುವು! ಪರಿಷ್ಕಾರಗೊಂಡು 1992ರಲ್ಲಿ ಜರ್ಮನ್ ಭಾಷೆಯಲ್ಲಿಯೂ 1996ರಲ್ಲಿ ಇಂಗ್ಲಿಷಿನಲ್ಲಿಯೂ ಪ್ರಕಟವಾದುವು. ಬೆಂಕಿಗೂ ಮುಪ್ಪಿಗೂ ಎರಡು ಮಹಾಯುದ್ಧಗಳಿಗೂ ಸಿಕ್ಕದೆ ನಾಲ್ಕನೆಯ ಸಂಪುಟದ ಛಾಯೆಯೊಂದು ಶ್ರದ್ಧಾವಂತ ಕೇಳುಗನೊಬ್ಬನ ನೋಟುಪುಸ್ತಕದಲ್ಲಿ ಉಳಿದಿತ್ತು. ಪ್ರಾಧ್ಯಾಪಕರ ಸಂತೋಷವನ್ನು ನಾನು ಊಹಿಸಬಲ್ಲೆ. ಅಂಗಡಿಯವನು ಬೆಲೆ ಹೇಳುವಾಗ ಮುಖದಲ್ಲಿ ಏನನ್ನೂ ತೋರಗೊಡದಿರಲು ಅವರು ಪಟ್ಟಿರಬಹುದಾದ ಪಾಡನ್ನೂ ಊಹಿಸಬಲ್ಲೆ.

ಇನ್ನು ಕಾದಂಬರಿಗಳು. ಇತಿಹಾಸದ ಪಕ್ಕದಲ್ಲಿ ಕಾದಂಬರಿಗೆ ಜಾಗ ಕೊಡಬಾರದೆನ್ನುವ ಹಿರಿಯರಿದ್ದಾರೆ. ನಾನು ಕೊಟ್ಟಿದ್ದೇನೆ, ಅದೂ ಒಂದೇ ಹಲಗೆಯ ಮೇಲೆ. ಏಕೆಂದರೆ ರೋಮಿನ ವಿಷಯದಲ್ಲಿ ಕಳೆದುಹೋದದ್ದೇ ಹೆಚ್ಚು. ಲಿವಿ ಬರೆದ 142 ಭಾಗಗಳಲ್ಲಿ ಉಳಿದಿರುವುದು 35. ಟ್ಯಾಸಿಟಸ್ಸನ ವಾರ್ಷಿಕಗಳಲ್ಲಿ ಕಲಿಗುಲನ ಆಳ್ವಿಕೆಯ ಭಾಗವೆಲ್ಲ ನಷ್ಟವಾಗಿದೆ. ಕ್ಲಾಡಿಯಸ್ ಚಕ್ರವರ್ತಿ ಸ್ವತಃ ಇತಿಹಾಸಕಾರ. ಎಟ್ರುಸ್ಕನರ ಚರಿತ್ರೆಯನ್ನು 20 ಭಾಗಗಳಲ್ಲಿ, ಕಾರ್ಥೇಜಿನದನ್ನು 8 ಭಾಗಗಳಲ್ಲಿ, ಆತ್ಮಕಥೆಯನ್ನು 8 ಭಾಗಗಳಲ್ಲಿ ಬರೆದನೆಂದು ಸ್ಯುಟೋನಿಯಸ್ ಹೇಳುತ್ತಾನೆ. ಒಂದೂ ಉಳಿದಿಲ್ಲ. 1934ರಲ್ಲಿ ರಾಬರ್ಟ್ ಗ್ರೇವ್ಸ್ ಆ ಕಳೆದುಹೋದ ಆತ್ಮಕಥೆಯನ್ನು ತಾನೇ ಬರೆದುಬಿಟ್ಟ! ಅದೇ ‘ಐ, ಕ್ಲಾಡಿಯಸ್’. ತೊದಲುವ, ಕುಂಟುವ, ಎಲ್ಲರೂ ದಡ್ಡನೆಂದು ತಿಳಿದು ಬದುಕಗೊಟ್ಟ ಆ ಮುದುಕ ಮಾತಾಡತೊಡಗಿದನೆಂದರೆ ನೀವು ದೀಪ ಆರಿಸುವುದು ಕಷ್ಟ. ಅದರಲ್ಲಿ ಲಿವಿಯಾ ರಾಣಿ ಒಬ್ಬರಾದ ಮೇಲೊಬ್ಬರಿಗೆ ವಿಷವಿಕ್ಕುತ್ತಾಳೆ. ಟ್ಯಾಸಿಟಸ್ ಗುಸುಗುಸು ಹೇಳಿದ್ದನ್ನು ಗ್ರೇವ್ಸ್ ಡಂಗುರ ಸಾರಿದ. ಇಂದಿನ ಇತಿಹಾಸಕಾರರು ಆ ಅಪವಾದವನ್ನು ಬಹುಮಟ್ಟಿಗೆ ನಂಬುವುದಿಲ್ಲ. ಆದರೆ ಕಾದಂಬರಿ ಓದಿದವರ ಮನಸ್ಸಿನಲ್ಲಿ ಆ ತಾಯಿ ಇನ್ನು ನಿರಪರಾಧಿಯಾಗುವುದು ಸಾಧ್ಯವೆ? ಕಾದಂಬರಿಯ ಅಪಾಯ ಇರುವುದು ಇಲ್ಲಿಯೇ. ಅದಕ್ಕೆ ಮದ್ದೆಂದರೆ ಪಕ್ಕದಲ್ಲಿ ಸ್ಯುಟೋನಿಯಸ್ಸನನ್ನು ಇಟ್ಟುಕೊಳ್ಳುವುದು. 1957ರ ಪೆಂಗ್ವಿನ್ ಅನುವಾದ ಗ್ರೇವ್ಸನದೇ; ಕಾಯಿಲೆಯೂ ಮದ್ದೂ ಒಂದೇ ಅಂಗಡಿಯವು.

ಆದರೆ ಇತಿಹಾಸಕಾರರು ಕಲ್ಪಿಸುವುದಿಲ್ಲವೆಂದು ತಿಳಿಯಬೇಡಿ. ಕ್ರಿ. ಶ. 48ರಲ್ಲಿ ಕ್ಲಾಡಿಯಸ್ ಗಾಲ್ ದೇಶದ ಪ್ರಮುಖರನ್ನು ಸೆನೆಟ್ಟಿಗೆ ಸೇರಿಸಿಕೊಳ್ಳಬೇಕೆಂದು ಭಾಷಣ ಮಾಡಿದ. ಟ್ಯಾಸಿಟಸ್ ಆ ಭಾಷಣವನ್ನು ತನ್ನ ಗ್ರಂಥದಲ್ಲಿ ಕೊಟ್ಟಿದ್ದಾನೆ: ಹದವಾದುದು, ಅಡಕವಾದುದು, ಒಂದು ಮಾತು ಹೆಚ್ಚಿಲ್ಲ. 1528ರಲ್ಲಿ ಲಿಯಾನ್ ಪಟ್ಟಣದ ದ್ರಾಕ್ಷಿತೋಟವೊಂದರಲ್ಲಿ ಕಂಚಿನ ಫಲಕ ಸಿಕ್ಕಿತು. ಅದೇ ಭಾಷಣ, ಚಕ್ರವರ್ತಿಯ ಬಾಯಿಂದ ಬಂದ ರೂಪದಲ್ಲಿ! ನೋಡಿದರೆ ಕ್ಲಾಡಿಯಸ್ ವಿಷಯ ಬಿಟ್ಟು ಎಟ್ರುಸ್ಕನ್ ಪುರಾತನ ಕಥೆಗಳಿಗೆ ಹೋಗುತ್ತಾನೆ, ತಡವರಿಸುತ್ತಾನೆ, ಮಾತಿನ ನಡುವೆ ತನ್ನನ್ನೇ ಎಚ್ಚರಿಸಿಕೊಳ್ಳುತ್ತಾನೆ. ಟ್ಯಾಸಿಟಸ್ ಅದನ್ನೆಲ್ಲ ತೊಳೆದು ಬಟ್ಟೆ ತೊಡಿಸಿದ್ದ. ಕಂಚಿನ ಕ್ಲಾಡಿಯಸ್ಸನಿಗೆ ಹತ್ತಿರವಾಗಿರುವವನು ಇತಿಹಾಸಕಾರನ ಕ್ಲಾಡಿಯಸ್ಸೋ, ಕಾದಂಬರಿಕಾರನ ಕ್ಲಾಡಿಯಸ್ಸೋ? ನನ್ನ ಮತ ಯಾರ ಕಡೆಗೆಂದು ನೀವು ಊಹಿಸಿರಬಹುದು.

ರೋಸ್ಮರಿ ಸಟ್‌ಕ್ಲಿಫ್ ಅವರ ‘ಒಂಬತ್ತನೆಯ ದಳದ ಗರುಡ’ 1954ರದು. ಮಕ್ಕಳಿಗೆಂದು ಬರೆದದ್ದು, ದೊಡ್ಡವರು ಕಸಿದುಕೊಂಡು ಓದುವಂಥದು. ಬಾಲ್ಯದ ಸಂಧಿರೋಗದಿಂದ ಬಹುಪಾಲು ಜೀವನವನ್ನು ಗಾಲಿಕುರ್ಚಿಯಲ್ಲಿ ಕಳೆದ ಈ ಮಹಿಳೆ ಕಾಲ್ನಡಿಗೆಯ ದೀರ್ಘ ಪಯಣಗಳನ್ನು ಎಷ್ಟು ಸೊಗಸಾಗಿ ಬರೆದರು! ರೋಮನ್ ಸೈನ್ಯದ ಒಂಬತ್ತನೆಯ ದಳ ಬ್ರಿಟನ್ನಿನ ಉತ್ತರದ ಮಂಜಿನೊಳಕ್ಕೆ ನಡೆದುಹೋಗಿ ಮಾಯವಾಯಿತೆಂಬುದು ಕಥೆಯ ಒಂದು ಬೇರು. 1866ರಲ್ಲಿ ಸಿಲ್‌ಚೆಸ್ಟರಿನಲ್ಲಿ ಸಿಕ್ಕಿದ ರೆಕ್ಕೆಯಿಲ್ಲದ ಕಂಚಿನ ಹದ್ದು ಇನ್ನೊಂದು. ಬೇರುಗಳೆರಡೂ ಈಗ ಸಡಿಲವಾಗಿವೆ. ಆ ದಳದ ಮುದ್ರೆಯ ಕುರುಹುಗಳು ಹಾಲೆಂಡಿನ ನೈಮೆಹೆನ್‌ನಲ್ಲಿ ಸಿಕ್ಕಿ, ಅದು ಬ್ರಿಟನ್ನಿನಿಂದ ಹೊರಕ್ಕೆ ಹೋಗಿದ್ದಿರಬೇಕೆಂದು ತೋರಿಸಿವೆ. ಹದ್ದೋ, ಯಾವುದೋ ಪ್ರತಿಮೆಯ ಭಾಗವಂತೆ. ಕಥೆಗೆ ಮಾತ್ರ ಏನೂ ಆಗಿಲ್ಲ.

ಲಿಟನ್ನನ ‘ಪಾಂಪೆಯ ಕೊನೆಯ ದಿನಗಳು’, ಲ್ಯೂ ವಾಲೇಸ್‌ನ ‘ಬೆನ್‌ಹರ್’, ಪೋಲೆಂಡಿನ ಸಿಯೆಂಕಿವಿಚ್ಚನ ‘ಕ್ವೊ ವಾಡಿಸ್’ ಇವು ಎಲ್ಲ ಅಂಗಡಿಗಳಲ್ಲಿಯೂ ಬಿದ್ದಿರುತ್ತವೆ; ಮೊದಲನೆಯದನ್ನು ನನ್ನಿಂದ ಮುಗಿಸಲಾಗಲಿಲ್ಲ. ಮಾರ್ಗರೆಟ್ ಯೂರ್ಸೆನಾರ್ ಅವರ ‘ಹೇಡ್ರಿಯನ್ನನ ನೆನಪುಗಳು’ 1951ರದು. ಎಲ್ಲಿ ಕಂಡರೂ ಬಿಡಬೇಡಿ. ಎರಡನೆಯ ಪ್ರತಿಯಿದ್ದರೆ ಕೊಡುವುದಕ್ಕಾಗುತ್ತದೆ.

ಕೊಳ್ಳುವ ಮೊದಲು ಪುಸ್ತಕವನ್ನು ಹಿಂದಿನಿಂದ ತೆರೆಯಿರಿ. ಹುಳು ಹಿಡಿಯುವುದು ಬೆನ್ನಿನ ಕಡೆಯಿಂದ, ಹರಿದುಹೋಗಿರುವುದು ಕೊನೆಯ ಹಾಳೆ, ಕಳವಾಗಿರುವುದು ಮಡಚಿದ ಭೂಪಟ. ಭೂಪಟವಿಲ್ಲದ ರೋಮನ್ ಇತಿಹಾಸ ಕೈಹಿಡಿಯುವವರಿಲ್ಲದ ಕುರುಡನ ಪ್ರಯಾಣ. ಯುದ್ಧಕಾಲದಲ್ಲಿ ಇಂಗ್ಲೆಂಡಿನಲ್ಲಿ ಅಚ್ಚಾದವುಗಳ ಕಾಗದ ತೆಳು, ಬೇಗ ಕಂದುತ್ತದೆ. ಬೆಲೆಯೂ ಅದಕ್ಕೆ ತಕ್ಕಂತಿರಲಿ. ಲೋಯಬ್ ಗ್ರಂಥಮಾಲೆಯವು ಎಡಪುಟದಲ್ಲಿ ಮೂಲ, ಬಲಪುಟದಲ್ಲಿ ಅನುವಾದವಿರುವ ಪುಟ್ಟ ಪುಸ್ತಕಗಳು. ಲ್ಯಾಟಿನ್ನಿಗೆ ಕೆಂಪು ರಟ್ಟು, ಗ್ರೀಕಿಗೆ ಹಸುರು. ಒಂಟಿಯಾಗಿ ಬಿದ್ದಿದ್ದರೂ ಕೊಳ್ಳಿ. ಮನೆಗೆ ತಂದ ಮೇಲೆ ಎರಡು ದಿನ ನೆರಳಿನ ಗಾಳಿಗೆ ಇಡಿ, ಬಿಸಿಲಿಗೆ ಬೇಡ. ಇವೆಲ್ಲ ಇಂದು ಕೈಯಲ್ಲಿನ ಫೋನಿನಲ್ಲಿಯೇ ಬಿಟ್ಟಿಯಾಗಿ ಸಿಕ್ಕುತ್ತವಲ್ಲಾ ಎಂದು ನನ್ನ ಮೊಮ್ಮಗಳು ಕೇಳುತ್ತಾಳೆ. ಸಿಕ್ಕುತ್ತವೆ, ನಾನೂ ಓದುತ್ತೇನೆ. ಆದರೆ ಕೊನೆಯ ಪುಟದ ಕೆಳಗೆ ತಾರೀಖು ಬರೆದಿರುವುದಿಲ್ಲ.

ರೋಮ್ ಎಲ್ಲಿ, ನಾವೆಲ್ಲಿ ಎನ್ನಬಹುದು. 1891ರಲ್ಲಿ ಬೆಂಗಳೂರಿನ ಯಶವಂತಪುರದ ಬಳಿ ರೈಲ್ವೆ ಕೆಲಸಕ್ಕೆ ನೆಲ ಅಗೆಯುವಾಗ ರೋಮಿನ 163 ಬೆಳ್ಳಿ ನಾಣ್ಯಗಳು ಸಿಕ್ಕಿದುವು. ಆಗಸ್ಟಸ್, ಟೈಬೀರಿಯಸ್, ಕಲಿಗುಲ, ಕ್ಲಾಡಿಯಸ್: ಗ್ರೇವ್ಸನ ಕಾದಂಬರಿಯ ಸಂಸಾರವೆಲ್ಲ ಆ ರಾಶಿಯಲ್ಲಿತ್ತು. ಯಶವಂತಪುರದಲ್ಲಿ ರೈಲಿಗಾಗಿ ಕಾಯುವಾಗ ನನಗೆ ಬೇಸರವಾಗುವುದಿಲ್ಲ.

ಆರನೆಯ ಸಂಪುಟ ಸಿಕ್ಕಿತು. ಹನ್ನೆರಡನೆಯ ವರ್ಷ, ಮಳೆಗಾಲದ ಒಂದು ಸಂಜೆ, ಅಂಗಡಿಯವನು ಬಾಗಿಲು ಹಾಕುವ ಹೊತ್ತಿನಲ್ಲಿ, ಹಳೆಯ ರೈಲ್ವೆ ವೇಳಾಪಟ್ಟಿಗಳ ಕಟ್ಟಿನೊಳಗೆ. ಅದೇ ಎವ್ವೆರಿಮನ್, ಅದೇ ಅಳತೆ. ಕೈ ನಡುಗಿತೆಂದರೆ ನಗಬೇಡಿ. ಅಲ್ಲಿಯೇ ನಿಂತು ಹಿಂದಿನಿಂದ ತೆರೆದೆ. ಕೊನೆಯ ಪುಟದ ಕೆಳಗೆ ಏನೂ ಇರಲಿಲ್ಲ. ಮುಂದಿನ ಹಾಳೆಯಲ್ಲಿ ಬೇರೊಬ್ಬರ ಹೆಸರಿತ್ತು, ನಾನು ಎಂದೂ ಕೇಳಿರದ ಹೆಸರು. ತಂದೆಯವರ ಪ್ರತಿಯಲ್ಲ. ಆ ಅಪರಿಚಿತರು ಅಲ್ಲಲ್ಲಿ ಸೀಸದಕಡ್ಡಿಯಿಂದ ಗೀಟೆಳೆಯುತ್ತ ಬಂದು ಅರುವತ್ತೆಂಟನೆಯ ಅಧ್ಯಾಯದಲ್ಲಿ, ತುರ್ಕರ ಫಿರಂಗಿಗಳು ಕೋಟೆಯ ಮುಂದೆ ನಿಲ್ಲುವಲ್ಲಿಗೆ, ನಿಲ್ಲಿಸಿಬಿಟ್ಟಿದ್ದರು.

ಅಂಗಡಿಯವನು ಹೇಳಿದ ಬೆಲೆಗೆ ಚೌಕಾಸಿ ಮಾಡದೆ ಕೊಂಡುತಂದೆ. ಊಟವಾದ ಮೇಲೆ ಆ ಗೀಟು ನಿಂತ ಕಡೆಯಿಂದ ಓದತೊಡಗಿದೆ. ಹನ್ನೊಂದು ಗಂಟೆಯ ಸುಮಾರಿಗೆ ನಮ್ಮ ಮನೆಯಲ್ಲಿ ಕಾನ್‌ಸ್ಟಾಂಟಿನೋಪಲ್ ಬಿತ್ತು. ಪುಸ್ತಕ ಅಲ್ಲಿಗೆ ಮುಗಿಯುವುದಿಲ್ಲ. ಗಿಬ್ಬನ್ ಮತ್ತೆ ರೋಮ್ ನಗರಕ್ಕೆ ಬರುತ್ತಾನೆ. 1764ರಲ್ಲಿ ತನಗೆ ಈ ಗ್ರಂಥದ ಯೋಚನೆ ಹೊಳೆದ ಆ ಕ್ಯಾಪಿಟೋಲ್ ಗುಡ್ಡಕ್ಕೇ ಕೊನೆಯ ಅಧ್ಯಾಯದಲ್ಲಿ ನಮ್ಮನ್ನು ಕರೆದೊಯ್ಯುತ್ತಾನೆ. ಅಲ್ಲಿ ಹದಿನೈದನೆಯ ಶತಮಾನದ ಪೊಜ್ಜಿಯೊ ಎಂಬವನು ಗೆಳೆಯನೊಡನೆ ಕುಳಿತು ಕೆಳಗಿನ ಹಾಳುನಗರವನ್ನು ನೋಡುತ್ತಿರುತ್ತಾನೆ. ಈ ಪೊಜ್ಜಿಯೊ ಮಠಗಳ ಧೂಳು ಹಿಡಿದ ಕಪಾಟುಗಳಲ್ಲಿ ಹಳೆಯ ಪುಸ್ತಕಗಳನ್ನು ಹುಡುಕಿ ತೆಗೆದವನು. 1417ರಲ್ಲಿ ಲುಕ್ರೀಷಿಯಸ್ಸನ ಕಾವ್ಯ ಮತ್ತೆ ಬೆಳಕು ಕಂಡದ್ದು ಅವನಿಂದ. ಅವನನ್ನು ಅಲ್ಲಿಯೇ ಕುಳ್ಳಿರಿಸಿ ನಾನು ಮಲಗಿದೆ. ಬೆಳಗ್ಗೆ ಎದ್ದು ಉಳಿದದ್ದನ್ನು ಓದಿ, ಸೀಸದಕಡ್ಡಿ ಹುಡುಕಿ, ಕೊನೆಯ ಪುಟದ ಕೆಳಗೆ ಆ ದಿನದ ತಾರೀಖನ್ನು ಬರೆದೆ.